ಕೆರೆಯ ಮೇಲಿನ ಸೀಟು

ಪೊಲೀಸ್ ಸ್ಟೇಷನ್ನಿನಿಂದ ಟ್ಯೂಬು ವಾಪಸು ಬಂದಾಗ ಅದರಲ್ಲಿ ಗಾಳಿ ಇರಲಿಲ್ಲ. ಯಾರೋ ಗಾಳಿ ಬಿಟ್ಟು, ಹಾಸಿಗೆಯ ಹಾಗೆ ಸುರುಳಿ ಸುತ್ತಿ, ಪ್ಲಾಸ್ಟಿಕ್ ಹಗ್ಗದಿಂದ ಬಿಗಿದಿದ್ದರು. ಪೇದೆ ಅದನ್ನು ಅಕ್ಕನ ಶೆಡ್ಡಿನ ಬಾಗಿಲಲ್ಲಿ ಇಳಿಸಿ, ಟೋಪಿ ತೆಗೆದು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ನಿಂತ. ಆಮೇಲೆ ಟೋಪಿ ಹಾಕಿಕೊಂಡು ಹೊರಟ.

ಅಕ್ಕ ಅಂದರೆ ಆ ಬೀದಿಗೆಲ್ಲ ಅಕ್ಕ. ಬಸ್ಸು, ಕಾರು, ಲಾರಿಗಳ ಸೀಟು ಹೊಲಿಯುವುದು ಆಕೆಯ ಕಸುಬು. ಗ್ಯಾರೇಜುಗಳ ಸಾಲಿನ ಕೊನೆಯಲ್ಲಿ ತಗಡಿನ ಶೆಡ್ಡು. ಒಳಗೆ ರೆಕ್ಸಿನ್ ಸುರುಳಿಗಳು, ಗೋಡೆಗೆ ಒರಗಿಸಿದ ಫೋಮಿನ ಹಲಗೆಗಳು, ಎರಡು ದಪ್ಪ ಹೊಲಿಗೆ ಯಂತ್ರಗಳು. ಗಂಡ ಊರೊಳಗಿನ ಬಸ್ಸು ಓಡಿಸುತ್ತಿದ್ದ. ಅವರಿಬ್ಬರ ಪರಿಚಯವಾದದ್ದೇ ಒಂದು ಸೀಟಿನಿಂದ. ಅವನ ಬಸ್ಸಿನ ಡ್ರೈವರ್ ಸೀಟಿನ ಸ್ಪ್ರಿಂಗು ಹೊರಗೆ ಬಂದು, ಮುಳ್ಳಿನ ಮೇಲೆ ಕೂತ ಹಾಗಾಗುತ್ತೆ ಎಂದು ಬಂದಿದ್ದ. ಆಕೆ ಹೊಲಿದುಕೊಟ್ಟಳು. ಕೆಲವು ದಿನ ಬಿಟ್ಟು ಮತ್ತೆ ಬಂದು, "ತುಂಬಾ ಚೆನ್ನಾಗಿ ಹೊಲಿದುಬಿಟ್ಟಿದ್ದೀರಿ, ನಿದ್ದೆ ಬರ್ತಿದೆ. ಸ್ವಲ್ಪ ಕೆಡಿಸಿಕೊಡಿ," ಅಂದ. ಆಮೇಲೆ ಸೀಟಿನ ನೆಪವಿಲ್ಲದೆಯೂ ಬರತೊಡಗಿದ.

ಮದುವೆಯಾಗಿ, ಮಗಳು ಹುಟ್ಟಿ, ಅವಳು ದೊಡ್ಡವಳಾಗಿ ಔಷಧಿ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದ ಮೇಲೆ ಡ್ರೈವರನಿಗೆ ಮೀನಿನ ಹುಚ್ಚು ಹಿಡಿಯಿತು. ದಡದಲ್ಲಿ ಕೂತು ಗಾಳ ಹಾಕುವುದು ಸಾಲದೆ ಒಂದು ಟ್ಯೂಬು ತಂದ. ಟ್ಯೂಬು ಅಂದರೆ ಲಾರಿ ಚಕ್ರದ್ದಲ್ಲ. ಕುದುರೆ ಲಾಳದ ಆಕಾರದಲ್ಲಿ ದಪ್ಪ ಬಟ್ಟೆಯ ಕವಚ, ಅದರೊಳಗೆ ಗಾಳಿ ತುಂಬುವ ಚೀಲಗಳು, ನಡುವೆ ಒಂದು ಸೀಟು. ಕೂತವನ ಮೈ ನೀರಿನ ಮೇಲೆ, ಕಾಲು ನೀರಿನೊಳಗೆ. ಕಾಲಿಗೆ ಬಾತುಕೋಳಿಯ ಪಾದದಂಥ ರಬ್ಬರ್ ರೆಕ್ಕೆ ಕಟ್ಟಿಕೊಂಡು ಒದ್ದರೆ ಟ್ಯೂಬು ಹಿಂದಕ್ಕೆ ಹಿಂದಕ್ಕೆ ಸರಿಯುತ್ತದೆ. ಕೈ ಎರಡೂ ಗಾಳಕ್ಕೆ ಬಿಡುವಾಗಿರುತ್ತವೆ. ಅಂಗಡಿಯವರು ಕೊಟ್ಟ ಸೀಟು ಅವನ ದೊಡ್ಡ ಮೈಗೆ ಸಾಲದು ಎಂದು ಅಕ್ಕ ಬೇರೆಯದನ್ನೇ ಹೊಲಿದಳು. ಬೆನ್ನಿಗೆ ಹೆಗಲವರೆಗೆ ಎತ್ತರದ ಆಸರೆ, ಎರಡೂ ಪಕ್ಕೆಗೆ ಉಬ್ಬು ದಿಂಬು. "ಬಸ್ಸಿನ ಸೀಟಿಗಿಂತ ಚೆನ್ನಾಗಿದೆ," ಎಂದು ಅವನು ಸಿಕ್ಕಸಿಕ್ಕವರಿಗೆಲ್ಲ ತೋರಿಸಿದ್ದ.

ಆ ಸೀಟಿನಲ್ಲೇ ಹೋದ. ಒಂದು ರಜೆಯ ದಿನ ಬೆಳಿಗ್ಗೆ, ಕೆರೆಯ ನಡುವೆ, ಕೂತಲ್ಲೇ ಎದೆ ನಿಂತುಹೋಯಿತು. ಬೆನ್ನು ನೆಟ್ಟಗೆ ಆಸರೆಗೆ ಒರಗಿತ್ತು. ಟೋಪಿಯ ಅಡಿಯಲ್ಲಿ ತಲೆ ತುಸು ಬಾಗಿತ್ತು. ಗಾಳದ ಕೋಲು ಅದನ್ನು ಸಿಕ್ಕಿಸುವ ಗೂಡಿನಲ್ಲಿ ನಿಂತಿತ್ತು. ದಡದ ಮೇಲೆ ನಾಯಿ ಹಿಡಿದು ನಡೆಯುತ್ತಿದ್ದವರು ಕೈ ಬೀಸಿ ಹೋದರು. ಯಾರಿಗೂ ಏನೂ ಅನ್ನಿಸಲಿಲ್ಲ. ಮೀನು ಹಿಡಿಯುವವನು ಹಾಗೇ ತಾನೆ ಕೂತಿರುವುದು.

ಹತ್ತಿರದಲ್ಲೇ ಇನ್ನೊಂದು ಟ್ಯೂಬಿನಲ್ಲಿ ಅವನ ಗೆಳೆಯನಿದ್ದ. ಕಟಿಂಗ್ ಅಂಗಡಿಯವನು. ಕತ್ತರಿ ಆಡುವಷ್ಟು ಹೊತ್ತೂ ನಾಲಿಗೆ ಆಡುತ್ತದೆ ಎಂದು ಎಲ್ಲರೂ ಅವನನ್ನು ರೇಡಿಯೋ ಎಂದೇ ಕರೆಯುತ್ತಿದ್ದರು. ಅವತ್ತೂ ಅವನು ಹಲ್ಲುನೋವಿನ ಕಥೆ, ಮೇಲಿನ ಮನೆಯವರ ಜಗಳದ ಕಥೆ ಎಲ್ಲ ಹೇಳಿದ. ಡ್ರೈವರ್ ಹೂಂ ಅನ್ನಲಿಲ್ಲ. ಗಾಳ ಹಾಕಿದಾಗ ಅವನು ಮಾತಾಡುವುದೇ ಅಪರೂಪ. ಕೊನೆಗೆ ರೇಡಿಯೋಗೆ ಸಿಟ್ಟು ಬಂತು. "ಮಾತು ಬೇಡ ಅಂದ್ರೆ ಬೇಡ ಅನ್ನಪ್ಪ, ಮುಖ ಯಾಕೆ ತಿರುಗಿಸ್ತೀಯ?" ಎಂದು ಒದ್ದುಕೊಂಡು ಆಚೆ ಕಡೆಗೆ ಹೋಗಿಬಿಟ್ಟ. ಗಾಳಿ ತಿರುಗಿ, ಡ್ರೈವರನ ಟ್ಯೂಬು ತಾನೇ ತಾನಾಗಿ ಜೊಂಡಿನ ಕಡೆ ತೇಲತೊಡಗಿದಾಗ, ಅವನು ಕಾಲು ಒದೆಯುತ್ತಿಲ್ಲ ಎಂಬುದು ರೇಡಿಯೋನ ಕಣ್ಣಿಗೆ ಬಿತ್ತು.

ಇದನ್ನೆಲ್ಲ ರೇಡಿಯೋ ಅವತ್ತೇ, ಆಸ್ಪತ್ರೆಯ ಮೊಗಸಾಲೆಯಲ್ಲಿ, ಒದ್ದೆ ಬಟ್ಟೆಯಲ್ಲೇ ನಿಂತು ಅಕ್ಕನಿಗೆ ಹೇಳಿದ್ದ. ಡಾಕ್ಟರು ಮಗಳ ಮುಂದೆಯೇ ಇಬ್ಬರನ್ನೂ ಕೂರಿಸಿ, ಇದು ಮನೆಯಲ್ಲಿದ್ದರೂ ಒಂದು ಕ್ಷಣದಲ್ಲಿ ಆಗಿಹೋಗುತ್ತಿತ್ತು, ಪಕ್ಕದಲ್ಲಿ ನಾನೇ ಇದ್ದಿದ್ದರೂ ಉಳಿಸಲು ಆಗುತ್ತಿರಲಿಲ್ಲ ಎಂದರು. ಇಬ್ಬರೂ ತಲೆಯಾಡಿಸಿದರು. ಮಾತು ಕಿವಿಗೆ ಬಿತ್ತು, ಒಳಗೆ ಇಳಿಯಲಿಲ್ಲ.

ಟ್ಯೂಬು ಅಕ್ಕನ ಮೇಜಿನ ಕೆಳಗೆ ಸೇರಿತು. ಅದರ ಮೇಲೆ ರೆಕ್ಸಿನ್ ಚೂರುಗಳು ಬಿದ್ದವು. "ಅದನ್ನ ಎಸೆದುಬಿಡಮ್ಮ," ಎಂದು ಮಗಳು ಶೆಡ್ಡಿಗೆ ಬಂದಾಗಲೆಲ್ಲ ಹೇಳಿದಳು. ಆಕೆ ಎಸೆಯಲಿಲ್ಲ, ಬಿಚ್ಚಲೂ ಇಲ್ಲ.

ಬಿಚ್ಚುವ ಹಾಗೆ ಮಾಡಿದವನು ಒಬ್ಬ ಅಪರಿಚಿತ. ಕಾರಿನ ಡಿಕ್ಕಿಯಿಂದ ಹೊಸ ಟ್ಯೂಬು ತೆಗೆದು ತೋರಿಸಿ ಅವನು ಅಂದ: "ನಿಮ್ಮ ಯಜಮಾನರ ಟ್ಯೂಬಿಗೆ ಒಂದು ಸೀಟು ಹಾಕಿದ್ರಲ್ಲ, ಅದನ್ನ ನೋಡಿದ್ದೆ. ನನಗೂ ಅಂಥದ್ದೇ ಒಂದು ಬೇಕಿತ್ತು." ಪಾಪ, ಅವನಿಗೆ ಏನೂ ಗೊತ್ತಿರಲಿಲ್ಲ.

"ಅಂಥದ್ದನ್ನ ಈಗ ಹೊಲಿಯಲ್ಲ," ಅಂದಳು ಅಕ್ಕ.

"ಯಾಕೆ, ಏನಾದ್ರೂ ತೊಂದರೆ ಇತ್ತಾ ಅದರಲ್ಲಿ?"

ಅವನು ಹೋದ ಮೇಲೆ ಆಕೆ ಯಂತ್ರದ ಮುಂದೆ ಕೂತು ಅದೇ ಪ್ರಶ್ನೆಯನ್ನು ಮನಸ್ಸಿನಲ್ಲಿ ತಿರುವಿಹಾಕಿದಳು. ತೊಂದರೆ ಇತ್ತು. ಸೀಟು ಚೆನ್ನಾಗಿತ್ತು, ಅದೇ ತೊಂದರೆ. ಜೀವ ಹೋದ ಮೈಯನ್ನೂ ನೆಟ್ಟಗೆ ಕೂರಿಸಿಕೊಂಡಿತ್ತು. ಬೆನ್ನಿನ ಆಸರೆ ಇನ್ನೊಂದು ಗೇಣು ಕಡಿಮೆ ಇದ್ದಿದ್ದರೆ, ಪಕ್ಕದ ದಿಂಬು ಇಲ್ಲದಿದ್ದರೆ, ಅವನು ವಾಲುತ್ತಿದ್ದ. ವಾಲಿದ್ದರೆ ಯಾರಾದರೂ ನೋಡುತ್ತಿದ್ದರು. ಬಸ್ಸಿನ ಸೀಟು ಹೊಲಿದರೆ ಆಕೆ ತಾನೇ ಹತ್ತಿ ಕೂತು, ಬೆನ್ನು ಒತ್ತಿ ನೋಡದೆ ಕೊಟ್ಟವಳಲ್ಲ. ಟ್ಯೂಬಿನ ಸೀಟಿನಲ್ಲಿ ಮಾತ್ರ ಒಮ್ಮೆಯೂ ಕೂತಿರಲಿಲ್ಲ. ನೀರೆಂದರೆ ಭಯ, ಈಜು ಬಾರದು.

ಆಕೆ ಬಗ್ಗಿ ಮೇಜಿನ ಕೆಳಗಿನ ಸುರುಳಿಯನ್ನು ಹೊರಗೆಳೆದಳು.

ಮರುದಿನ ಕಟಿಂಗ್ ಅಂಗಡಿಗೆ ಹೋದಾಗ ರೇಡಿಯೋ ಯಾರದೋ ಕುತ್ತಿಗೆಯ ಹಿಂದೆ ರೇಜರ್ ಎಳೆಯುತ್ತಿದ್ದ. ಅಂಗಡಿಯಲ್ಲಿ ರೇಜರಿನ ಸದ್ದೊಂದೇ. ಬೆಂಚಿನ ಮೇಲೆ ಕೂತ ಮುದುಕರೊಬ್ಬರು ಅಕ್ಕನಿಗೆ ಮೆಲ್ಲಗೆ, "ರೇಡಿಯೋ ಬಂದ್ ಆಗಿ, ಈಗ ಇಲ್ಲಿ ಹಳೇ ಪೇಪರ್ ಓದೋ ಹಾಗಾಗಿದೆ ನಮ್ಮ ಗತಿ," ಅಂದರು.

ಕೈ ಒರೆಸಿಕೊಂಡು ಹೊರಗೆ ಬಂದ ಅವನಿಗೆ ಆಕೆ ಸುತ್ತಿ ಬಳಸಿ ಹೇಳಲಿಲ್ಲ. "ನಾನು ಆ ಟ್ಯೂಬಿನಲ್ಲಿ ಕೂರಬೇಕು. ನನ್ನ ಅಳತೆಗೆ ಅದನ್ನ ಸಜ್ಜು ಮಾಡಬೇಕು. ಏನೇನು ಬೇಕು ನನಗೆ ಗೊತ್ತಿಲ್ಲ. ನೀನು ಬಾ."

ರೇಡಿಯೋ ಒಂದು ಹೆಜ್ಜೆ ಹಿಂದೆ ಸರಿದ. "ಅತ್ತಿಗೆ, ನೀವು ಬೇರೆ ಏನು ಬೇಕಾದ್ರೂ ಕೇಳಿ. ನಾನು ಆ ಕಡೆ ರಸ್ತೆಯಲ್ಲೂ ಹೋಗ್ತಿಲ್ಲ ಈಗ."

"ನೀರಿಗೆ ಇಳಿ ಅಂತ ಹೇಳಿದ್ನಾ? ಶೆಡ್ಡಿಗೆ ಬಾ ಅಂದೆ."

"ಸಜ್ಜು ಮಾಡಿದ ಮೇಲೆ ಒಬ್ಬರೇ ಹೋಗ್ತೀರಾ?"

"ಮಗಳು ದಡದಲ್ಲಿ ಇರ್ತಾಳೆ."

"ದಡದಲ್ಲಿ ಇದ್ದು ಏನು ಮಾಡ್ತಾಳೆ ಅತ್ತಿಗೆ," ಅಂದ ಅವನು. ದಡದಲ್ಲಿ ಇದ್ದವರು ಏನು ಮಾಡಿದರು ಎಂಬುದು ಇಬ್ಬರಿಗೂ ಗೊತ್ತಿತ್ತು.

ಎರಡು ದಿನ ಅವನ ಸುಳಿವಿಲ್ಲ. ಮೂರನೆಯ ಸಂಜೆ ಅಂಗಡಿ ಮುಚ್ಚಿ, ದೊಡ್ಡ ಚೀಲವೊಂದನ್ನು ಹೆಗಲಿಗೆ ಹಾಕಿಕೊಂಡು ಬಂದ. ತನ್ನ ಸಾಮಾನನ್ನೆಲ್ಲ ತಂದಿದ್ದ.

ಮೊದಲು ಕಾಲು ಪಂಪಿನಿಂದ ಗಾಳಿ ತುಂಬಿ, ಸೋಪಿನ ನೀರು ಬಳಿದು ಗುಳ್ಳೆ ಏಳುತ್ತದೆಯೇ ಎಂದು ನೋಡಿದರು. ಬಲಗಡೆಯ ಚೀಲದ ವಾಲ್ವಿನ ಹತ್ತಿರ ಸಣ್ಣಗೆ ಉಸಿರಾಡುತ್ತಿತ್ತು; ತೇಪೆ ಹಾಕಿದರು. ಆಮೇಲೆ ಅಕ್ಕ ಬ್ಲೇಡು ತೆಗೆದುಕೊಂಡು ತಾನೇ ಹಾಕಿದ್ದ ಹೊಲಿಗೆಯನ್ನು ಬಿಚ್ಚತೊಡಗಿದಳು. ದಾರ ಗಟ್ಟಿಯಾಗಿತ್ತು, ಒಂದೊಂದನ್ನೂ ಕಿತ್ತೇ ತೆಗೆಯಬೇಕಾಯಿತು. ಫೋಮಿನ ಮೇಲೆ ಅವನ ಬೆನ್ನಿನ ತಗ್ಗು ಇನ್ನೂ ಹಾಗೇ ಇತ್ತು. ಆಕೆ ಅದರ ಮೇಲೆ ಒಮ್ಮೆ ಅಂಗೈ ಆಡಿಸಿ, ಪಕ್ಕಕ್ಕೆ ಇಟ್ಟಳು. ರೇಡಿಯೋ ಮುಖ ತಿರುಗಿಸಿಕೊಂಡು ಪಂಪನ್ನು ಒರೆಸುತ್ತಿದ್ದ. ಅದು ಆಗಲೇ ಒಣಗಿತ್ತು.

"ಬೆನ್ನಿನ ಆಸರೆ ಸೊಂಟಕ್ಕಿಂತ ಸ್ವಲ್ಪ ಮೇಲೆ, ಅಷ್ಟೇ ಸಾಕು," ಅಂದಳು ಅಕ್ಕ.

"ಬೆನ್ನು ಹಿಡ್ಕೊಳ್ಳುತ್ತೆ ಅತ್ತಿಗೆ."

"ಹಿಡ್ಕೊಳ್ಳಲಿ. ಕೂತವರು ಬಿದ್ದರೆ ಬಿದ್ದ ಹಾಗೆ ಕಾಣಬೇಕು."

ಅವನು ಒಪ್ಪಿದ. ಆದರೆ ಬಿದ್ದವರು ನೀರಿಗೆ ಜಾರಬಾರದಲ್ಲ, ಎಂದು ಕಾಲುಗಳ ನಡುವಿನಿಂದ ಬಂದು ಮುಂದೆ ಸಿಕ್ಕಿಸಿಕೊಳ್ಳುವ ಅಗಲದ ಪಟ್ಟಿಯೊಂದನ್ನು ಹಾಕಬೇಕು ಅಂದ. ಬಸ್ಸಿನ ಸೀಟ್ ಬೆಲ್ಟಿನ ಪಟ್ಟಿ ಶೆಡ್ಡಿನಲ್ಲಿ ಬೇಕಾದಷ್ಟಿತ್ತು. ಬಕಲನ್ನು ಆಕೆ ಒದ್ದೆ ಕೈಯಲ್ಲಿ, ಕಣ್ಣು ಮುಚ್ಚಿ, ಎಡಗೈಯಲ್ಲಿ ಬಿಚ್ಚಿ ನೋಡಿದಳು. ಕಷ್ಟವಾಯಿತು ಎಂದು ಅದನ್ನು ತೆಗೆದು ದೊಡ್ಡದನ್ನು ಹೊಲಿದಳು.

ಹೀಗೆ ಸಂಜೆಗಳು ಕಳೆದವು. ಡ್ರೈವರನ ಗಾಳದ ಗೂಡು ಅವನ ತೋಳಿನ ಅಳತೆಗಿತ್ತು. ಅಕ್ಕನಿಗೆ ಎಟುಕುವ ಹಾಗೆ ಅದನ್ನು ಬಿಚ್ಚಿ ಮುಂದಕ್ಕೆ ಕೂರಿಸಿದರು. ತೊಡೆಯ ಮೇಲೆ ಅಡ್ಡಲಾಗಿ ಹಾಸುವ ಜಾಲರಿ ಹರಿದಿತ್ತು. ಗಾಳದ ದಾರ ಕಾಲಿಗೆ ಸುತ್ತಿಕೊಳ್ಳದೆ ಅದರ ಮೇಲೆ ಬೀಳಲಿ ಎಂದು ಅದು ಇರುವುದು. ಆಕೆ ಹೊಸ ಬಟ್ಟೆ ಹಾಕಿ, ಅಂಚಿಗೆ ಇಂಚಿನ ಗೆರೆಗಳನ್ನೂ ಹೊಲಿದಳು. "ಮೀನು ಅಳೆಯೋಕೆ," ಅಂದ ರೇಡಿಯೋ, "ಅವನು ಯಾವತ್ತೂ ಅಳತೆ ಹೇಳ್ತಿರ್ಲಿಲ್ಲ, ಕೈ ಅಗಲ ಮಾಡಿ ತೋರಿಸ್ತಿದ್ದ." ಇಬ್ಬರಿಗೂ ನಗು ಬಂತು. ಎಷ್ಟೋ ಕಾಲದ ಮೇಲೆ ಬಂದ ನಗು. ಇಬ್ಬರೂ ಬೇಗ ನಿಲ್ಲಿಸಿಬಿಟ್ಟರು.

ಟ್ಯೂಬನ್ನು ಒಂದೆಡೆ ನಿಲ್ಲಿಸುವ ಪುಟ್ಟ ಲಂಗರಿನ ಹಗ್ಗಕ್ಕೆ, ಎಳೆದ ಕೂಡಲೇ ಬಿಚ್ಚಿಕೊಳ್ಳುವ ಗಂಟನ್ನು ಅವನು ಹತ್ತಾರು ಸಲ ಹಾಕಿ ತೋರಿಸಿದ. ಕೈಬಲೆಯ ಹಿಡಿಗೆ ತೇಲುವ ರಬ್ಬರಿನ ಉಂಡೆ ಕಟ್ಟಿದರು. ಕೊಕ್ಕೆಗಳು, ಸೀಸದ ಗುಂಡುಗಳು, ದಾರ ಕತ್ತರಿಸುವ ಇಕ್ಕಳ ಎಲ್ಲಕ್ಕೂ ಎಡಬಲದಲ್ಲಿ ಜೇಬುಗಳಿದ್ದವು. ಲೈಫ್ ಜಾಕೆಟ್ಟಿನ ಎದೆಗೆ ಒಂದು ವಿಸಿಲ್.

ಒಂದು ದಿನ ಮಗಳು ಕೆಲಸದಿಂದ ನೇರ ಶೆಡ್ಡಿಗೆ ಬಂದವಳು, ಉಬ್ಬಿ ನಿಂತ ಟ್ಯೂಬನ್ನು ನೋಡಿ ಬಾಗಿಲಲ್ಲೇ ನಿಂತುಬಿಟ್ಟಳು.

"ಅಪ್ಪನ್ನ ಕೊಟ್ಟಿದ್ದು ಸಾಲ್ದೇನಮ್ಮ ಆ ಕೆರೆಗೆ?"

"ಕೆರೆ ತಗೊಳ್ಳಲಿಲ್ಲ ಕಣೇ. ಮನೆಯಲ್ಲಿ ಊಟಕ್ಕೆ ಕೂತಾಗಲೂ ಆಗ್ತಿತ್ತು ಅಂತ ಡಾಕ್ಟರು ನಿನ್ನ ಮುಂದೇನೇ ಹೇಳಿದ್ರು."

"ಹಾಗಾದ್ರೆ ನೀನ್ಯಾಕೆ ಹೋಗ್ತಿದ್ದೀಯ?"

ಅಕ್ಕ ಯಂತ್ರದ ಚಕ್ರವನ್ನು ಕೈಯಿಂದ ತಡೆದು ನಿಲ್ಲಿಸಿದಳು. "ಅವನು ಅಲ್ಲಿ ಹೇಗೆ ಕೂತಿದ್ದ ಅಂತ ಗೊತ್ತಾಗಬೇಕು ನನಗೆ. ಎಲ್ಲರೂ ನೋಡಿದ್ದಾರೆ. ನಾನೊಬ್ಬಳೇ ನೋಡಿಲ್ಲ."

ಮಗಳು ಹೊರಟುಹೋದಳು. ನಾನಂತೂ ಬರಲ್ಲ ಎಂದು ರಾತ್ರಿ ಊಟದ ಹೊತ್ತಿಗೆ ಹೇಳಿದಳು.

ಹೊರಡುವ ದಿನ ರೇಡಿಯೋ ಟ್ಯೂಬನ್ನು ತನ್ನ ಸಣ್ಣ ವ್ಯಾನಿನಲ್ಲಿ ಹಾಕಿಕೊಂಡ. ಅದರ ಪಕ್ಕದಲ್ಲಿ ಅವನ ಟ್ಯೂಬೂ ಇತ್ತು. ಅಕ್ಕ ಅದನ್ನೇ ನೋಡಿದಳು. "ಒಬ್ಬರನ್ನೇ ಬಿಡೋಕಾಗುತ್ತಾ," ಎಂದು ಅವನೇ ಗೊಣಗಿದ.

ಕೆರೆಯ ದಡದಲ್ಲಿ ಎದೆಮಟ್ಟದ ರಬ್ಬರ್ ಪ್ಯಾಂಟು ಏರಿಸಿ, ಕಾಲಿಗೆ ರೆಕ್ಕೆ ಕಟ್ಟಿಕೊಂಡರು. ಆ ರೆಕ್ಕೆ ಕಟ್ಟಿಕೊಂಡು ಮುಂದಕ್ಕೆ ನಡೆದರೆ ಮುಗ್ಗರಿಸುತ್ತಾರೆ. ಬೆನ್ನು ನೀರಿನ ಕಡೆ ಮಾಡಿ, ಟ್ಯೂಬನ್ನು ಸೊಂಟಕ್ಕೆ ಹಿಡಿದು, ಹಿಂದೆ ಹಿಂದೆ ಇಳಿಯಬೇಕು. "ನೋಡಬೇಡಿ, ಕೂತ್ಕೊಳ್ಳಿ, ಅಷ್ಟೇ," ಅಂದ ರೇಡಿಯೋ. ಅಕ್ಕ ಉಸಿರು ಬಿಗಿಹಿಡಿದು ಕೂತಳು. ಸೀಟು ತುಸು ತಗ್ಗಿ ತಡೆದುಕೊಂಡಿತು. ಕಾಲಡಿಯಿಂದ ನೆಲ ಸರಿದುಹೋಯಿತು. ಬಾಯಿಂದ ಬಂದ ಸಣ್ಣ ಕೂಗು ಆಕೆಗೇ ವಿಚಿತ್ರವಾಗಿ ಕೇಳಿಸಿತು.

ಒದೆಯುವುದು ಕಲಿಯಲು ಸ್ವಲ್ಪ ಹೊತ್ತು ಹಿಡಿಯಿತು. ಮೊದಮೊದಲು ಇದ್ದಲ್ಲೇ ಗಿರಕಿ ಹೊಡೆದಳು. ಆಮೇಲೆ ದಡ ನಿಧಾನವಾಗಿ ದೂರ ಸರಿಯಿತು. ರೇಡಿಯೋ ಪಕ್ಕದಲ್ಲೇ ಬರುತ್ತಿದ್ದ, ತುಟಿ ಕಚ್ಚಿಕೊಂಡು. ಜೊಂಡಿನ ಈಚೆ ಒಂದು ಕಡೆ ನಿಂತು, ಗಲ್ಲ ಎತ್ತಿ ತೋರಿಸಿದ. "ಇಲ್ಲೇ."

ಅಲ್ಲಿ ಏನೂ ಇರಲಿಲ್ಲ. ಬೇರೆ ಕಡೆ ಇದ್ದ ಹಾಗೇ ನೀರು. ರೇಡಿಯೋ ತುಸು ದೂರ ಹೋಗಿ, ಬೆನ್ನು ತಿರುಗಿಸಿ, ಗಾಳ ಬಿಟ್ಟುಕೊಂಡು ಕೂತ. ಆಕೆಗೆ ಒಂದಿಷ್ಟು ಏಕಾಂತ ಸಿಗಲಿ ಎಂದು ಹಾಗೆ ಮಾಡಿದ್ದಿರಬೇಕು.

ಅಕ್ಕ ಕಾಲು ನಿಲ್ಲಿಸಿದಳು. ರಬ್ಬರಿನ ಮೂಲಕ ನೀರಿನ ತಂಪು ಮೊಣಕಾಲಿಗೆ ಹತ್ತುತ್ತಿತ್ತು. ಅವತ್ತು ಗಂಡ ಮುಖ ಮಾಡಿ ಕೂತಿದ್ದನೆಂದು ರೇಡಿಯೋ ಹೇಳಿದ್ದ ದಿಕ್ಕಿಗೇ ತಿರುಗಿದಳು. ಎದುರಿಗೆ ದಡ, ಅದರ ಹಿಂದೆ ಏರು ರಸ್ತೆ. ನೋಡುತ್ತಿದ್ದ ಹಾಗೇ ಬಸ್ಸೊಂದು ಆ ಏರನ್ನು ಹತ್ತಿ ಬಂತು. ತಿರುವಿನಲ್ಲಿ ಗೇರ್ ಬದಲಾದ ಸದ್ದು ನೀರಿನ ಮೇಲಿಂದ ಸ್ಪಷ್ಟವಾಗಿ ಕೇಳಿಸಿತು. ಅವನ ರೂಟು. ವಾರವೆಲ್ಲ ಓಡಿಸಿದ್ದು ಸಾಲದೆಂದು ರಜೆಯ ದಿನವೂ ಇಲ್ಲಿ ಕೂತು, ಬೇರೆಯವರು ಹೇಗೆ ಓಡಿಸುತ್ತಾರೆ ಎಂದು ನೋಡುತ್ತಿದ್ದನೇ? ಮನೆಗೆ ಬಂದು, "ಆ ಹೊಸಬ ತಿರುವಿನಲ್ಲಿ ಕ್ಲಚ್ ಸುಡ್ತಾನೆ," ಎಂದು ಬೈಯುತ್ತಿದ್ದುದು ನೆನಪಾಯಿತು. ಇವನಿಗೆ ಹೇಗೆ ಗೊತ್ತಾಗುತ್ತದೆ ಎಂದು ಆಕೆ ಒಮ್ಮೆಯೂ ಕೇಳಿರಲಿಲ್ಲ.

ನಗುವೋ ಅಳುವೋ ಗಂಟಲಿಗೆ ಬಂದು ನಿಂತಿತು. ಬಸ್ಸು ಮರೆಯಾಯಿತು. ತಲೆ ತಗ್ಗಿಸಿ ಕೂತಳು.

"ಅತ್ತಿಗೆ?" ಎಂದ ರೇಡಿಯೋ.

ಕೇಳಿಸಿತು. ತಲೆ ಎತ್ತಲಿಲ್ಲ.

"ಅತ್ತಿಗೆ, ಸರಿಯಾಗಿದ್ದೀರಾ?"

ಆಮೇಲೆ ಕೇಳಿಸಿದ್ದು ಮಾತಲ್ಲ. ಯಾವುದೋ ಪ್ರಾಣಿ ಒದರಿದ ಹಾಗಿತ್ತು. ಆಕೆ ತಿರುಗಿ ನೋಡುವಷ್ಟರಲ್ಲಿ ಅವನು ನೀರನ್ನು ಕಲಕುತ್ತಾ, ಹಿಂದಕ್ಕೆ ಹೋಗುವ ಟ್ಯೂಬನ್ನು ಎರಡೂ ಕೈಯಿಂದ ಮುಂದಕ್ಕೆ ತಳ್ಳಿಕೊಂಡು ಬರುತ್ತಿದ್ದ. ಗಾಳದ ಕೋಲು ಜಾರಿ ನೀರಿಗೆ ಬಿದ್ದಿತ್ತು. ಅದರ ಕಡೆ ನೋಡಲೂ ಇಲ್ಲ. ಅವನ ಟ್ಯೂಬು ಬಂದು ಆಕೆಯದಕ್ಕೆ ಬಡಿಯಿತು. ಭುಜ ಹಿಡಿದು ಅಲುಗಿಸಿದ.

"ಇದ್ದೀನಿ ಕಣಪ್ಪ," ಅಂದಳು ಅಕ್ಕ. "ಇದ್ದೀನಿ, ಇಲ್ಲೇ ಇದ್ದೀನಿ."

ಅವನು ಕೈ ಬಿಡಲಿಲ್ಲ. ಮೀಸೆಯಿಂದ ನೀರು ಇಳಿಯುತ್ತಿತ್ತು. "ಒಂದು ಸಲ ಹತ್ರ ಬಂದು ಮುಟ್ಟಿದ್ರೆ ಸಾಕಿತ್ತು ಅತ್ತಿಗೆ. ಬೈದು ಹೋದೆ ನಾನು. ಸತ್ತವನನ್ನ ಬೈದು ಹೋದೆ."

"ನಾನು ಸೀಟನ್ನ ಒಂಚೂರು ಕೆಟ್ಟದಾಗಿ ಹೊಲಿದಿದ್ರೂ ಸಾಕಿತ್ತು," ಅಂದಳು ಆಕೆ. ಯಾರ ಮುಂದೆಯೂ ಆಡದ ಮಾತು. ಆಡಿದ ಮೇಲೆ ಅವನ ಮುಖವನ್ನೇ ನೋಡಿದಳು. "ಹಾಗಾದ್ರೆ ನಾವಿಬ್ರೂ ಸೇರಿ ಕೊಂದ್ವಾ ಅವನನ್ನ?"

ರೇಡಿಯೋ ಒಂದು ಕೈಯಿಂದ ಮುಖ ಒರೆಸಿಕೊಂಡ. "ಇಲ್ಲ," ಅಂದ.

"ಇಲ್ಲ ಅಲ್ವಾ."

"ಇಲ್ಲ ಅತ್ತಿಗೆ."

ಎರಡು ಟ್ಯೂಬುಗಳೂ ಒಂದಕ್ಕೊಂದು ತಾಗಿಕೊಂಡು ಮೆಲ್ಲಗೆ ತಿರುಗಿದವು. ಅಕ್ಕ ಅವನ ಮಣಿಕಟ್ಟನ್ನು ಹಿಡಿದೇ ಕೂತಿದ್ದಳು. ಇನ್ನೊಂದು ಬಸ್ಸು ಬಂತು, ಹೋಯಿತು. ಅವನು ಅತ್ತದ್ದು ಆಕೆ ನೋಡಿದಳು, ಆಕೆ ಅತ್ತದ್ದು ಅವನು ನೋಡಿದ.

"ಬೆನ್ನು ನೋಯ್ತಾ ಇದೆ," ಎಂದಳು ಕೊನೆಗೆ.

"ನಾನು ಅವತ್ತೇ ಹೇಳಿದ್ದೆ."

"ಇನ್ನೊಂದು ನಾಲ್ಕು ಬೆರಳು ಎತ್ತರಿಸಬೇಕು. ಪಕ್ಕದ ದಿಂಬು ಬೇಡ. ಇಂಥದ್ದೇ ಸೀಟು ಕೇಳಿಕೊಂಡು ಒಬ್ಬ ಕಾರಿನವನು ಬಂದಿದ್ದ, ಇಲ್ಲಿ ಕಂಡರೆ ಬರೋಕೆ ಹೇಳು, ಹೊಲಿದುಕೊಡ್ತೀನಿ." ಆಮೇಲೆ ಸುತ್ತ ನೋಡಿ ಕೇಳಿದಳು: "ನಿನ್ನ ಗಾಳದ ಕೋಲು?"

"ಹೋದ್ರೆ ಹೋಗ್ಲಿ ಬಿಡಿ."

ಆದರೂ ಇಬ್ಬರೂ ಸೇರಿ ಹುಡುಕಿದರು. ಸಿಗಲಿಲ್ಲ. ಆ ಜಾಗದಲ್ಲಿ ಕೆರೆ ಆಳವಾಗಿತ್ತು.

ವಾಪಸು ದಡದ ಹತ್ತಿರ ಬರುವಾಗ ಬೆನ್ನು ಅತ್ತ ಕಡೆ ಇದ್ದುದರಿಂದ ಅಲ್ಲಿ ಯಾರು ನಿಂತಿದ್ದಾರೆ ಎಂದು ಆಕೆಗೆ ಕಾಣಲಿಲ್ಲ. ರೆಕ್ಕೆ ಮಣ್ಣಿಗೆ ತಾಗಿ, ಎದ್ದು ನಿಲ್ಲಲು ಹೋದಾಗ ಹಿಂದಿನಿಂದ ಎರಡು ಕೈ ಬಂದು ಕಂಕುಳಿಗೆ ಆತುಕೊಂಡವು. ಮಗಳು. ಚಪ್ಪಲಿ ಬಿಟ್ಟು ಮೊಣಕಾಲವರೆಗೆ ನೀರಿಗೆ ಇಳಿದಿದ್ದಳು. ಬರುವುದಿಲ್ಲ ಎಂದವಳು ಬಸ್ಸು ಹಿಡಿದು ಬಂದಿದ್ದಳು.

ದಡ ಹತ್ತಿದ್ದೇ ಅಕ್ಕನ ಕಾಲು ಕುಸಿಯಿತು. ಅಷ್ಟು ಹೊತ್ತು ಭಾರವೇ ಇಲ್ಲದೆ ತೂಗಿದ ಕಾಲು ಮೈಯನ್ನು ಹೊರಲು ಒಪ್ಪಲಿಲ್ಲ. ಹುಲ್ಲಿನ ಮೇಲೆ ಕೂತುಬಿಟ್ಟಳು.

"ಮೊದಲ ಸಲ ಎಲ್ಲರಿಗೂ ಹಾಗೇ," ಎಂದ ರೇಡಿಯೋ, ಟ್ಯೂಬುಗಳನ್ನು ಮೇಲೆಳೆಯುತ್ತಾ.

ಮಗಳು ಮಂಡಿಯೂರಿ ಕೂತು ತಾಯಿಯ ಪಾದದಿಂದ ರೆಕ್ಕೆಗಳನ್ನು ಬಿಚ್ಚಿದಳು. ತಣ್ಣಗಾಗಿದ್ದ ಅಂಗಾಲುಗಳನ್ನು ತೊಡೆಯ ಮೇಲಿಟ್ಟುಕೊಂಡು ಉಜ್ಜತೊಡಗಿದಳು. ಸ್ವಲ್ಪ ಹೊತ್ತಾದ ಮೇಲೆ, "ಹೊರಡೋಣ್ವಾ ಅಮ್ಮ?" ಅಂದಳು.

"ತಡಿ," ಅಂದಳು ಅಕ್ಕ. "ಕಾಲು ಬರಲಿ."